ಮಾತು ಅಳೆಯುವ ಮಾರೈಕೆ

ಮಕ್ಕಳ ಮಾತು ಪರೀಕ್ಷಿಸುವ ಡಚ್ ಹೆಂಗಸು ಮಾರೈಕೆಯವರ ಕೋಣೆಗೆ ಮಗುವಿನ ಜೊತೆ ಹೋದ ಅಪ್ಪ ಅಮ್ಮಂದಿರ ಬಾಯಿಗೆ ಮೊದಲು ಬೀಳುತ್ತಿದ್ದುದು ಒಂದು ಅಂಟು ಬಿಸ್ಕತ್ತು. ನಡುವೆ ಬೆಲ್ಲದ ಪಾಕದಂಥದ್ದು ಮೆತ್ತಿದ ಡಚ್ ತಿನಿಸು. ಕಚ್ಚಿದರೆ ಹಲ್ಲು ಬಿಡಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಉಪಚಾರ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. "ಅಪ್ಪಂದಿರು ಸುಮ್ಮನಿರಲ್ಲ. 'ಹೇಳು ಮರಿ, ಹೇಳು' ಅಂತ ತಾವೇ ಹೇಳಿಕೊಡ್ತಾರೆ. ಆಮೇಲೆ ನಾನು ಅಳೆಯೋದು ಮಗೂನಲ್ಲ, ಅಪ್ಪನ ಪ್ರತಿಧ್ವನೀನ," ಎನ್ನುತ್ತಿದ್ದರು. ಅವರ ಇಂಗ್ಲಿಷ್ ನನ್ನ ನೆನಪಿನಲ್ಲಿ ಕನ್ನಡವಾಗಿಯೇ ಉಳಿದಿದೆ.

ಇಂಗ್ಲಿಷ್ ಆಡುವ ಪರದೇಶದ ಊರು ಟಾಲಾದಲ್ಲಿ ನಮ್ಮ ಪಕ್ಕದ ಮನೆ ಅವರದು. ಶನಿವಾರ ಬಂತೆಂದರೆ ಸುತ್ತಲಿನ ಡಚ್ ಮಕ್ಕಳು ಅಲ್ಲಿ ಹಾಜರು. ಚಿತ್ರ ತೋರಿಸಿ ಕಾಯುವರು. ಮಗು ತಾನಾಗಿ ಹೆಸರು ಹೇಳಿದ ಮೇಲೆ ಯಾವ ಧ್ವನಿ ಬಂತು, ಯಾವುದು ಇನ್ನೂ ಬಂದಿಲ್ಲ ಎಂದು ಗುರುತು ಹಾಕಿಕೊಳ್ಳುವರು. ಬ್ರಾಮ್ ಎಂಬ ಪುಟ್ಟ ಹುಡುಗ 'ಟ್ರೇನ್' ಎನ್ನಲಾರದೆ 'ಟೇನ್' ಎಂದಾಗ ಅವನಪ್ಪ ಬೆವೆತುಹೋದ. "ಒತ್ತಕ್ಷರ ಅಂದ್ರೆ ಮದುವೆಗೆ ತಡವಾಗಿ ಬರೋ ನೆಂಟರು. ಬಂದೇ ಬರ್ತವೆ. ಹುಡುಗ ಚೆನ್ನಾಗೇ ಇದ್ದಾನೆ, ನೀನು ಟೀ ಕುಡಿ!" ಎಂದರು ಮಾರೈಕೆ.

ನಮ್ಮ ಮಗಳು ಸನಾಳಿಗೆ ಮೂರು ತುಂಬಿದಾಗ ಪ್ಲೇಸ್ಕೂಲಿನವರು, ಮಾತು ಸ್ಪಷ್ಟವಿಲ್ಲ, ಮನೆಯಲ್ಲಿ ಕನ್ನಡ ಬಿಟ್ಟು ಬರೀ ಇಂಗ್ಲಿಷ್ ಆಡಿ ಎಂದರು. ವಿಜಯಪುರದ ನನ್ನಮ್ಮನಿಗೆ ಇಂಗ್ಲಿಷ್ ಬಾರದು. ಕನ್ನಡ ಬಿಟ್ಟರೆ ಅಜ್ಜಿ ಮೊಮ್ಮಗಳ ಮಾತು ಅಲ್ಲಿಗೇ ಮುಗಿಯಿತು. ಮಗುವನ್ನು ಎತ್ತಿಕೊಂಡು ಪಕ್ಕದ ಮನೆಗೆ ಓಡಿದೆ.

ಮಾರೈಕೆ ತಮ್ಮ ಚಿತ್ರಗಳನ್ನು ಎತ್ತಿಟ್ಟುಬಿಟ್ಟರು. "ಇದು ಡಚ್ ಮಕ್ಕಳ ಅಳತೆ. ಇಂಗ್ಲಿಷ್ ಅಳತೇನೂ ಇವಳದ್ದಲ್ಲ. ಇವಳ ಥರ ಕನ್ನಡ ಆಡೋ ಮಕ್ಕಳಿದ್ದಾರಲ್ಲ, ಅಲ್ಲಿಗೆ ಕರ್ಕೊಂಡು ಹೋಗು ನನ್ನ."

ಈದ್ ದಿನ ನಮ್ಮ ಕನ್ನಡದ ಮನೆಯವರೆಲ್ಲ ಒಂದೆಡೆ ಸೇರಿದ್ದೆವು. ಬಿರಿಯಾನಿಯ ಘಮದ ನಡುವೆ, ನನ್ನ ಜೊತೆ ಬಂದ ಮಾರೈಕೆ ನೆಲದ ಮೇಲೆ ಕೂತು, ಸನಾಳ ಓರಗೆಯ ಮಕ್ಕಳಿಗೆ ರೊಟ್ಟಿ, ಚಮಚ, ಚಪ್ಪಲಿ ತೋರಿಸುತ್ತ ಹೋದರು. ಒಬ್ಬಳು 'ಲೊಟ್ಟಿ' ಅಂದಳು. ಇನ್ನೊಬ್ಬನದೂ 'ಲೊಟ್ಟಿ'ಯೇ. ಸನಾಳದೂ ಅದೇ.

"ಎಲ್ಲರೂ ಒಂದೇ ದಾರೀಲಿದ್ದಾರೆ, ಇವಳೂ ಅಲ್ಲೇ ಇದ್ದಾಳೆ. ಕನ್ನಡ ನಿಲ್ಲಿಸಿದ್ರೆ ನಿನ್ನ ಮನೆಗೆ ಕಾಲಿಡಲ್ಲ. ಪ್ಲೇಸ್ಕೂಲಿಗೆ ನಾನು ಹೇಳ್ತೀನಿ," ಎಂದರು. ಹೋಗಿ ಹೇಳಿಯೂ ಬಂದರು. ಆಮೇಲೆ ಅಲ್ಲಿಂದ ಸೊಲ್ಲೇ ಇಲ್ಲ.

ಕಳೆದ ಚಳಿಗಾಲ ಅವರು ತಂಗಿಯ ಜೊತೆಗಿರಲು ತಮ್ಮ ದೇಶಕ್ಕೆ ಹೊರಟರು. ವಿದಾಯ ಹೇಳಲು ಬಂದಾಗ ಒಳಗೆ ಸನಾ ಫೋನಿನಲ್ಲಿ ಕಿರುಚುತ್ತಿದ್ದಳು: "ಸುಳ್ಳ ಹೇಳಬ್ಯಾಡ ಅಜ್ಜಿ! ಬರ್ತೀನಂತ ನೀನ ಅಂದಿದ್ದಿ!"

"ಜಗಳಾನಾ?" ಮಾರೈಕೆಯ ಮುಖ ಅರಳಿತು. "ಯಾರು ಗೆಲ್ತಿದ್ದಾರೆ?"

"ನಮ್ಮಮ್ಮ ಸೋಲೋ ಹಾಗೆ ಕಾಣ್ತದೆ."

ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಅವರು ಕದಲಲಿಲ್ಲ. ಒಂದಕ್ಷರವೂ ತಿಳಿಯದ ಆ ಜಗಳ ಮುಗಿಯುವ ತನಕ ಬಾಗಿಲಿಗೆ ಒರಗಿ ಕೇಳುತ್ತಲೇ ನಿಂತಿದ್ದರು.