ಕಾಂದಿವಲಿಯ ಕೆಂಪು ಬಾವುಟ

ಕಾಂದಿವಲಿ ಸ್ಟೇಷನ್ನಿನ ಹೊರಗೆ ಅರ್ಧ ಗಂಟೆಯಿಂದ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆಯಲ್ಲಿ ರಿಕ್ಷಾಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಪಕ್ಕದಲ್ಲೇ, ಒಂದೊಂದೇ ಕೋಣೆಯ ಮನೆಗಳ ಹಳೆಯ ಚಾಳ್ ಕೆಡವಿದ ಜಾಗದಲ್ಲಿ, ಹೊಸ ಟವರ್ ಏಳುತ್ತಿತ್ತು. ಅದರ ಗೇಟಿನಲ್ಲಿ ಕೆಂಪು ಬಾವುಟ ಹಿಡಿದು ನಿಂತಿದ್ದ ಮಲ್ಲಪ್ಪ ಬಾಗಲಕೋಟೆ ಕಡೆಯವನು. ನನ್ನ ಕೈಯಲ್ಲಿದ್ದ ಕನ್ನಡ ಪತ್ರಿಕೆ ನೋಡಿ ತಾನಾಗಿಯೇ ಮಾತಿಗಿಳಿದ. ಕಾಂಕ್ರೀಟ್ ಲಾರಿ ಇದೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದೆಯಂತೆ.

"ತಡಾ ಆದ್ರ ಕಲಸಿದ ಮಾಲ್ ಲಾರಿ ಡ್ರಮ್ಮಿನ್ಯಾಗ ಗಟ್ಟಿ ಆಗತೈತ್ರಿ. ಮೊನ್ನೆ ಒಂದು ಲೋಡ್ ಹಂಗ ವಾಪಸ್ ಹೋತು."

"ಇಷ್ಟು ಇಕ್ಕಟ್ಟಿನಲ್ಲಿ ಇನ್ನೆಷ್ಟು ಮನೆ ಕಟ್ಟುತ್ತೀರಿ?" ಎಂದೆ, ಸ್ವಲ್ಪ ಸಿಡುಕಿನಿಂದಲೇ.

"ಮನಿ ಇನ್ನೂ ಎಲ್ಲಿ ಬಂತ್ರೀ! ಕೆಳಗಿನ ಏಳು ಫ್ಲೋರ್ ಬರೇ ಪಾರ್ಕಿಂಗು. ಮೊದಲು ಕಾರಿಗೆ ಜಾಗ ಆಗಬೇಕು, ಆಮ್ಯಾಲೆ ಮಂದಿಗೆ. ಇವತ್ತು ಐದನೇ ಸ್ಲ್ಯಾಬ್."

ಅಷ್ಟರಲ್ಲಿ ಲಾರಿ ಬಂತು. ಅದರ ಬೆನ್ನಿಗೇ ನನ್ನ ಬಸ್ಸು, ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಮಲ್ಲಪ್ಪ ರಸ್ತೆಯ ನಡುವೆ ಹೋಗಿ ಬಾವುಟ ಎತ್ತಿದ. ಹಾರ್ನುಗಳೆಲ್ಲ ಒಟ್ಟಿಗೆ ಒದರಿದವು, ಅವನು ಅಲುಗಲಿಲ್ಲ. ಲಾರಿ ಹಿಂದಕ್ಕೆ ಸರಿಯುತ್ತ, ನಿಧಾನವಾಗಿ ಗೇಟಿನೊಳಗೆ ಹೋಯಿತು. ಅಲ್ಲಿಯವರೆಗೂ ಬಸ್ಸಿನ ಅಷ್ಟೂ ಜನ, ಅವರ ಜೊತೆ ನಾನೂ, ಇನ್ನೂ ಬಾರದ ಕಾರುಗಳಿಗೆ ದಾರಿ ಬಿಟ್ಟು ನಿಂತಿದ್ದೆವು.