ಅತ್ತೆ ಬೆಳೆದ ಕೇಸರಿ

ಮೊಮ್ಮಗಳು ಬಸುರಿ. ಬೆಳಿಗ್ಗೆ ಯಾರೋ ಹಾಲಿಗೆ ಕೇಸರಿ ಹಾಕಿದರು ನೋಡಿ, ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಕಿತ್ತುಕೊಂಡು ಬಂತು. ಮನೆಯವರೆಲ್ಲ ನನ್ನ ಮುಖ ನೋಡಿದರು. ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ನಾನು ಕಿಕ್ಕೇರಿಯಿಂದ ಬೂಕನಕೆರೆಗೆ ಸೊಸೆಯಾಗಿ ಹೋದದ್ದು ಕನ್ನಂಬಾಡಿ ಕಟ್ಟೆ ಹೊಸದಾಗಿ ತುಂಬಿದ ಕಾಲದಲ್ಲಿ. ನಮ್ಮತ್ತೆ ಕಪ್ಪು. ಎಣ್ಣೆ ಸವರಿದ ರುಬ್ಬುಗುಂಡಿನಂಥ ಕಪ್ಪು. ಊರೆಲ್ಲ ಆಕೆಯನ್ನು 'ಕರಿಯಮ್ಮ' ಎಂದೇ ಕರೆಯುತ್ತಿತ್ತು. ನಾನು ಬಸುರಿಯಾದದ್ದೇ ಅತ್ತೆಗೆ ಒಂದೇ ಹಟ: ಕೂಸು ಕೆಂಪಗೆ ಹುಟ್ಟಬೇಕು, ಅದಕ್ಕೆ ಸೊಸೆ ಕೇಸರಿ ಹಾಲು ಕುಡಿಯಬೇಕು. ನನಗೂ ಒಂದೇ ದಿಗಿಲು. ನನ್ನ ಬಣ್ಣವೂ ಅಷ್ಟಕ್ಕಷ್ಟೆ. ಕೂಸು ಕಪ್ಪಾದರೆ ಈಯಮ್ಮ ಎತ್ತಿಕೊಳ್ಳುತ್ತಾರೋ ಇಲ್ಲವೋ?

ಸಂತೆಬಾಚಹಳ್ಳಿ ಸಂತೆಯಲ್ಲಿ ಯಾವನೋ "ಕಾಸ್ಮೀರದ್ ಕೇಸರಿ ಗೆಡ್ಡೆ ಕಣವ್ವೋ" ಅಂದನಂತೆ. ಅತ್ತೆ ಸೆರಗಿಗೆ ಕಟ್ಟಿಕೊಂಡು ಬಂದು ಹಿತ್ತಲಲ್ಲಿ ನೆಟ್ಟರು. ಬಂತು ನೋಡಿ ಗಿಡ! ಕತ್ತಿಯಂಥ ಎಲೆ. ದೃಷ್ಟಿಯಾದೀತೆಂದು ಪಕ್ಕದಲ್ಲಿ ಹಳೇ ಪೊರಕೆ ನೇತುಹಾಕಿದರು. ಅದೂ ಸಾಲದೆಂದು ಎಲೆಗೇ ಕಾಡಿಗೆ ಬೊಟ್ಟಿಟ್ಟರು! ಊರ ಹೆಂಗಸರು ಬಂದು ಕೈಮುಗಿದು ಹೋದರು.

ಒಂದು ದಿನ ಸೊಂಟದೆತ್ತರದ ದಂಟಿನ ತುಂಬ ಕೆಂಪು ಹೂ. ನನ್ನ ಗಂಡ ನೋಡಿದವರೇ ನನ್ನನ್ನು ಬಾಗಿಲ ಹಿಂದಕ್ಕೆ ಎಳೆದರು. "ಲೇ, ಇದು ಕೇಸರಿ ಅಲ್ಲ ಕಣೇ. ಹಿರೋಡೆ ದೊರೆ ಬಂಗ್ಲೇಲಿ ಕಂಡಿವ್ನಿ. ಗ್ಲಾಡಿಯೋಲಸ್ಸು. ಕೇಸರಿಗೆ ದಾಯಾದಿ ಅಂತ ಅಲ್ಲಿನ್ ಮಾಲಿ ಅಂದ." ಪಾಂಡವಪುರವನ್ನು ಆಗ ಹಿರೋಡೆ ಅನ್ನುತ್ತಿದ್ದರು.

"ಅಂಗಾರೆ ನಿಮ್ಮವ್ವಂಗೆ ಯೋಳಿ," ಅಂದೆ.

"ನನ್ ಕೈಲಾಗಕ್ಕಿಲ್ಲ. ನೀನೇ ಯೋಳು."

ಇಬ್ಬರೂ ಹೇಳಲಿಲ್ಲ. ಅತ್ತೆ ಹೂವಿನೊಳಗಿನ ಎಳೆ ಕಿತ್ತು ಹಾಲಿಗೆ ಹಾಕಿದರು. ಬಣ್ಣ ಬಿಡಲಿಲ್ಲ. ದಳವನ್ನೇ ಅರೆದು ಕಲಸಿ, "ಕುಡಿಯವ್ವ, ಕುಡಿ" ಅಂತ ಎದುರಿಗೇ ಕೂತರು. ಕುಡಿದೆ. ಹಸಿಹುಲ್ಲಿನಂಥ ಆ ರುಚಿ ಹೇಗಿತ್ತೆಂದು ನಮ್ಮ ಎಮ್ಮೆಯನ್ನು ಕೇಳಬೇಕು!

ಹೆರಿಗೆ ತವರಿನಲ್ಲಾಯಿತು. ಹೆಣ್ಣು. ಬಣ್ಣ ಥೇಟ್ ಅತ್ತೆಯದೇ. ಅತ್ತೆಯ ಗಾಡಿ ಬಂದ ಸದ್ದಿಗೆ ನಾನು ಮಗುವಿನ ಮುಖದ ಮೇಲೆ ಸೆರಗೆಳೆದು ಕೂತೆ. ಅವರು ಸೆರಗು ಸರಿಸಿದರು. ತಮ್ಮ ಕೈಯನ್ನು ಮಗುವಿನ ಕೆನ್ನೆಯ ಪಕ್ಕ ಹಿಡಿದು ನೋಡಿದರು. ಆಮೇಲೆ ಗೊಳ್ಳೆಂದು ನಕ್ಕರು, ಕಣ್ಣಲ್ಲಿ ದಳದಳ ನೀರು.

"ಅಯ್ಯೋ ನನ್ ಬಂಗಾರವೇ! ಇವ್ಳ ಯಾವೋನಾರ ಕರಿ ಅಂದ್ರೆ ನಾಲ್ಗೆ ಕಿತ್ತಾಕ್ಬುಡ್ತೀನಿ. ನನ್ನೆಸ್ರೇ ಮಡಗ್ರವ್ವ ಇದುಕ್ಕೆ. ಇವ್ಳನಾರ ಎಸ್ರಿಡ್ದು ಕರೀಲಿ."

ಅತ್ತೆಯ ನಿಜವಾದ ಹೆಸರು ಚೆಲುವಮ್ಮ. ಅವತ್ತೇ ನನಗೆ ಗೊತ್ತಾದದ್ದು.

ಆ ಕೂಸಿನ ಮಗಳೇ ಈಗ ಬಸುರಿ. ನಗು ತಡೆದುಕೊಂಡು ಅವಳ ತಲೆಯ ಮೇಲೆ ಕೈಯಿಟ್ಟು, "ಕರ್ರಗೆ ಮಿರಮಿರ ಮಿಂಚೋ ಕೂಸು ಉಟ್ಲಿ ಕಣವ್ವ" ಅಂತ ಹರಸಿದೆ. ನನಗೆ ಅರಳುಮರಳು ಅಂತ ಮನೆಯವರಿಗೆಲ್ಲ ಖಾತ್ರಿಯಾಯಿತು.