ಹೊರರೋಗಿ ಗುಂಡಿ

ಮೊನ್ನೆ ಸಂತೆಬಾಚಹಳ್ಳಿ ಬಸ್ಸಿನಲ್ಲಿ ಪಕ್ಕದವರು ಎಲೆಅಡಿಕೆಗೆಂದು ಕಡ್ಡಿಪುಡಿ ತಂಬಾಕಿನ ಪೊಟ್ಟಣ ಬಿಚ್ಚಿದರು. ಆ ಘಾಟಿಗೆ ಇಡೀ ಬಸ್ಸೇ ಸೀನಿತು. ಡ್ರೈವರು ಹಾರ್ನಿನ ಬದಲು ಸೀನಿಯೇ ಎರಡು ಎಮ್ಮೆ ಓಡಿಸಿದ. ನನಗೆ ಮಾತ್ರ ಆಸ್ಪತ್ರೆಯ ಆಯಮ್ಮ ನೆನಪಾದರು... ಅವರ ಸೆರಗಿಗೂ ಇದೇ ವಾಸನೆ, ಜೊತೆಗೊಂದಿಷ್ಟು ಫಿನಾಯಿಲು.

ನಾನಾಗ ನಾಲ್ಕನೇ ಕ್ಲಾಸು. ಅಜ್ಜಿಯ ಉಬ್ಬಸಕ್ಕೆ ಔಷಧಿ ತರಲು ಅವಳ ಜೊತೆ ಹೋಗುತ್ತಿದ್ದೆ. ಆಸ್ಪತ್ರೆಯ ಬಾಗಿಲಲ್ಲಿ ಆಯಮ್ಮ ನಿಂತಿರುತ್ತಿದ್ದರು. ಅವರ ಗಂಟಲಿಗೆ ಹೆದರಿ ಅರ್ಧ ಜ್ವರ ಅಲ್ಲೇ ಇಳಿಯುತ್ತಿತ್ತು. ಗೋಡೆಯ ಹಲ್ಲಿಗಳೂ ಸಾಲಾಗಿ ನಿಲ್ಲುತ್ತಿದ್ದವು.

ಆಮೇಲೆ ಹೊಸ ಯೋಜನೆ ಅಂತ ಅದೇ ಬಾಗಿಲಿಗೆ ಟೋಕನ್ ಮೆಷಿನ್ ಬಂತು, ಮದುವೆ ಗಂಡಿನ ಹಾಗೆ ಹಾರ ಹಾಕಿಕೊಂಡು. ಅದಕ್ಕೆ ಎರಡು ಗುಂಡಿ. ತೋರಿಸಿಕೊಂಡು ಮನೆಗೆ ಹೋಗುವವರಿಗೆ ‘ಹೊರರೋಗಿ’, ವಾರ್ಡಿನಲ್ಲಿ ಮಲಗುವವರಿಗೆ ‘ಒಳರೋಗಿ’. ಅಜ್ಜಿ ಅಕ್ಷರ ಕೂಡಿಸಿ ಓದಿ ಕೆರಳಿದಳು.

“ನಾವ್ಯಾಕ್ಲಾ ಒರಗಿನೋರು? ನಮ್ಮಾವನ ಕಾಲದಿಂದ ಇಲ್ಲೇ ಇದ್ದೀವಿ. ಒರಗಿನೋರು ಅಂದ್ರೆ ಪಾಂಡವಪುರದೋರು.”

ಅವಳ ಬೆರಳು ಒಳರೋಗಿ ಗುಂಡಿಯ ಮೇಲಿತ್ತು. ಆಯಮ್ಮ ಕೈ ಹಿಡಿದುಕೊಂಡರು.

“ಅದ್ನ ಒತ್ತುದ್ರೆ ಇಲ್ಲೇ ಮಲಗಿಸ್ಬುಡ್ತಾರೆ ಕಣವ್ವ.”

“ಎಮ್ಮೆ ಯಾರು ಕರೀತಾರೆ, ನಿಮ್ ಡಾಕುಟ್ರಾ?”

“ಅಂಗಾರೆ ಬಾಯ್ಮುಚ್ಕಂಡು ಒರಗಿಂದು ಒತ್ತು.”

ಬಂದವರೆಲ್ಲ ಇದೇ ಜಗಳ ತೆಗೆಯುತ್ತಿದ್ದರು. ಊರಿನವರು ಅನ್ನುವ ಹೆಮ್ಮೆ ಯಾರಿಗಿಲ್ಲ? ಆಯಮ್ಮ ದಿನವಿಡೀ ನಿಂತು, ಬೈದು, ಬೆರಳು ಹಿಡಿದು ಒತ್ತಿಸಿದರು. ಸಾಲು ನೀರಿನ ಹಾಗೆ ಸಾಗಿತು. ಒಬ್ಬ ಸಾಹೇಬರು ಬಂದು ಯೋಜನೆ ಯಶಸ್ವಿ ಅಂದರು. ಬೆನ್ನು ತಟ್ಟಿದ್ದು ಮೆಷಿನ್ನಿಗೆ. ಮೆಷಿನ್ ಇರುವಾಗ ಬಾಗಿಲಿಗೆ ಆಳು ಯಾಕೆ ಅಂತ ಆಯಮ್ಮನನ್ನೇ ತೆಗೆದುಹಾಕಿದರು. ನೆನೆದರೆ ಇವತ್ತಿಗೂ ನನ್ನ ತಲೆಯ ಮೇಲೆ ಮುದ್ದೆಗೆ ಎಸರಿಡಬಹುದು.

ಮುಂದಿನ ಸಲ ಅಜ್ಜಿ ಒಬ್ಬಳೇ ಹೋದಳು. ಆಯಮ್ಮನಿಲ್ಲ. ಮರೆತು, ಒಳರೋಗಿ ಅಂತಲೇ ಒತ್ತಿ, ವಾರ್ಡಿನ ಮುಂದೆ ಕೂತಳು. ಅವಳನ್ನು ಯಾರೂ ಕರೆಯಲಿಲ್ಲ. ಉಸಿರು ಕಟ್ಟಿ ಬೆಂಚಿನಿಂದ ಬಿದ್ದ ಮೇಲೆ ಒಬ್ಬ ನರ್ಸು ಓಡಿಬಂದು ಆಕ್ಸಿಜನ್ ಹಾಕಿದರಂತೆ. ಉಳಿದಳು. ಜನಕ್ಕೆ ತಿಳಿವಳಿಕೆ ಸಾಲದು ಅಂದರಂತೆ ಅದೇ ಸಾಹೇಬರು... ತಿಳಿವಳಿಕೆಯನ್ನು ಮನೆಗೆ ಕಳಿಸಿದ್ದು ಯಾರು?

ಅಂದಿನಿಂದ ಅಜ್ಜಿ ಆಸ್ಪತ್ರೆಯ ಹೊಸ್ತಿಲು ತುಳಿದಿಲ್ಲ. “ಆಯಮ್ಮ ಬರ್ಲಿ, ಬತ್ತೀನಿ” ಅನ್ನುತ್ತಾಳೆ. ಮೊನ್ನೆಯೂ ಔಷಧಿಗೆ ನಾನೇ ಹೋದದ್ದು. ಮೆಷಿನ್ ಕೆಟ್ಟು ನಿಂತಿದೆ, ಅದರ ಮೇಲೆ ನೆಲ ಒರೆಸುವ ಬಟ್ಟೆ ಒಣಗುತ್ತಿದೆ. ಹಾರದ ದಾರ ಮಾತ್ರ ಇನ್ನೂ ನೇತಾಡುತ್ತಿದೆ. ಆಯಮ್ಮನ ಬಗ್ಗೆ ಕೇಳಿದೆ. ಹೊಣಕೆರೆಯ ಮಗಳ ಮನೆಯಲ್ಲಿ ತೀರಿಕೊಂಡು ವರ್ಷವಾಯಿತಂತೆ.

ಮನೆಗೆ ಬಂದರೆ ಅಜ್ಜಿ ಏದುಸಿರು ಬಿಡುತ್ತಾ ಜಗಲಿಯಲ್ಲಿ ಕೂತಿದ್ದಳು.

“ಬಂದವ್ಳೇನ್ಲಾ ಆಯಮ್ಮ?”

ಇಲ್ಲದ್ದನ್ನೂ ಸೇರಿಸಿ ಊರಗಲ ಮಾಡಿ ಹೇಳುವ ನನ್ನ ಬಾಯಿಗೆ, ಆವತ್ತು ಇದ್ದಷ್ಟೂ ಹೇಳಲು ಬರಲಿಲ್ಲ...